ಹೊಟ್ಟೆಯ ಮೇಲೆ ಕೈಯಿಟ್ಟು ಕಲಿಯುವ ವಿದ್ಯೆ

ಧಾರವಾಡದಿಂದ ಬೆಳಗಾವಿ ಕಡೆಗೆ ಹೊರಟು, ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಗರಗ ಸಿಗುತ್ತದೆ. ದೂರದವರಿಗೆ ಅದು ರಾಷ್ಟ್ರಧ್ವಜದ ಖಾದಿ ನೇಯ್ದ ಊರು. ಸುತ್ತಲಿನವರಿಗೆ ಮಡಿವಾಳೇಶ್ವರ ಮಠದ ಊರು. ಈ ಲೇಖನದ ಮಟ್ಟಿಗೆ ಅದು ಸಿ.ಟಿ. ಸ್ಕ್ಯಾನಿನಿಂದ ಅರ್ಧ ತಾಸಿನಾಚೆ ಇರುವ ಊರು. ರಾತ್ರಿ ಹತ್ತರ ಮೇಲೆ ಹೊಟ್ಟೆ ಹಿಡಿದುಕೊಂಡು ಬಂದವರನ್ನು ಇಂಥ ಊರಿನ ಡಾಕ್ಟರು ತಮ್ಮ ಕಣ್ಣು, ಕೈ, ಒಂದು ಸ್ಟೆತಾಸ್ಕೋಪು, ಇಷ್ಟರಲ್ಲೇ ಅಳೆಯಬೇಕು. ಒಂದು ಇಂಜೆಕ್ಷನ್ ಕೊಟ್ಟು ‘ಮುಂಜಾನೆ ಬರ್ರಿ’ ಎನ್ನುವುದೋ, ಈಗಿಂದೀಗ 108ಕ್ಕೆ ಫೋನ್ ಮಾಡಿ ಧಾರವಾಡಕ್ಕೋ ಹುಬ್ಬಳ್ಳಿಗೋ ಸಾಗಿಸುವುದೋ? ಆಗ ಅವರ ಮುಂದಿರುವುದು ಇದೊಂದೇ ಪ್ರಶ್ನೆ.

ಕ್ಲಿನಿಕಲ್ ಸರ್ಜರಿ ಎಂಬ ಪಾಠ ಇರುವುದೇ ಈ ಪ್ರಶ್ನೆಗಾಗಿ. ಸರ್ಜರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಿನಿಮಾದ ದೃಶ್ಯ: ಥಿಯೇಟರಿನ ಬಾಗಿಲ ಮೇಲಿನ ಕೆಂಪು ದೀಪ ಆರುತ್ತದೆ, ಡಾಕ್ಟರು ಹೊರಗೆ ಬಂದು ಮಾಸ್ಕ್ ಸರಿಸುತ್ತಾರೆ, ಮನೆಮಂದಿ ಮುಗಿಬೀಳುತ್ತಾರೆ. ಎಂಬಿಬಿಎಸ್ ವಿದ್ಯಾರ್ಥಿ ಕಲಿಯುವ ಸರ್ಜರಿಯಲ್ಲಿ ಚಾಕುವಿನ ಪಾಲು ಬಲು ಚಿಕ್ಕದು. ಪದವಿ ಮುಗಿಸಿದವರು ಹೊಟ್ಟೆ ಕೊಯ್ಯಲಿ ಎಂದು ಯಾರೂ ಬಯಸುವುದಿಲ್ಲ. ಯಾರ ಹೊಟ್ಟೆ ಕೊಯ್ಯಬೇಕಾದೀತು ಎಂಬುದು ಅವರಿಗೆ ಗೊತ್ತಾಗಬೇಕು, ಅದೂ ಹೊತ್ತು ಮೀರುವ ಮೊದಲು. ಈ ತಿಳಿವಳಿಕೆ ಥಿಯೇಟರಿನಲ್ಲಿ ಹುಟ್ಟುವುದಿಲ್ಲ, ವಾರ್ಡಿನಲ್ಲಿ ಹುಟ್ಟುತ್ತದೆ. ವಾರ್ಡಿನ ಪಾಠ ಎಷ್ಟು ಗಟ್ಟಿ ಎಂಬುದು ತಿಳಿಯುವುದು ಕಾಲೇಜಿನ ಪರೀಕ್ಷಾ ಕೊಠಡಿಯಲ್ಲಲ್ಲ, ಗರಗದಂಥ ಊರುಗಳಲ್ಲಿ.

ಮಂಚದ ಬಲಬದಿ

1956ರ ಏಕೀಕರಣಕ್ಕೆ ಮುಂಚೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಎಂಬಿಬಿಎಸ್ ಕಲಿಸುವ ಕಾಲೇಜು ಇರಲಿಲ್ಲ. ಡಾಕ್ಟರಾಗಬೇಕೆಂದವರು ಮುಂಬಯಿ, ಪುಣೆಯ ಹಾದಿ ಹಿಡಿಯುತ್ತಿದ್ದರು. ಆಪರೇಷನ್ ಆಗಬೇಕಾದವರು ಮಿರಜಕ್ಕೆ ಹೋಗುತ್ತಿದ್ದರು. ಅಲ್ಲಿ ಕೆನಡಾದಿಂದ ಬಂದ ಮಿಷನರಿ ಸರ್ಜನ್ ವಿಲಿಯಂ ವಾನ್‌ಲೆಸ್ 1894ರಲ್ಲಿ ಆಸ್ಪತ್ರೆ ತೆರೆದಿದ್ದರು, ಹುಡುಗರಿಗೆ ವೈದ್ಯ ಕಲಿಸುವ ಶಾಲೆಯೊಂದನ್ನೂ ನಡೆಸಿದ್ದರು. ‘ಮಿರಜಕ್ಕ ಒಯ್ದಾರಂತ’ ಎಂದರೆ ಜಡ್ಡು ಸಣ್ಣದಲ್ಲ ಎಂದು ಕೇಳಿದವರಿಗೆ ತಿಳಿಯುತ್ತಿತ್ತು. ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾಯಿತು. ಮುಂದೆ ಅದು ಕಿಮ್ಸ್ ಆಯಿತು. ಈಚೆಗೆ ಮತ್ತೆ ಹೆಸರು ಬದಲಿಸಿಕೊಂಡು ಕರ್ನಾಟಕ ಮೆಡಿಕಲ್ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಯಾಗಿದೆ. ಬಸ್ಸಿನವರಿಗೂ ಆಟೋದವರಿಗೂ ಅದು ಇನ್ನೂ ಕಿಮ್ಸೇ. 1963ರಲ್ಲಿ ಬೆಳಗಾವಿಗೆ ಜೆಎನ್‌ಎಂಸಿ ಬಂತು, 2003ರಲ್ಲಿ ಧಾರವಾಡದ ಸತ್ತೂರಿಗೆ ಎಸ್‌ಡಿಎಂ. ಹೀಗೆ ಗರಗದ ಸುತ್ತಮುತ್ತ ಬಿಳಿಕೋಟಿನ ಹುಡುಗ ಹುಡುಗಿಯರಿಗೇನೂ ಕೊರತೆಯಿಲ್ಲ.

ಇವರು ಸರ್ಜರಿ ವಾರ್ಡಿಗೆ ಮೊದಲ ಸಲ ಕಾಲಿಡುವುದು ಎರಡನೆಯ ವರ್ಷದ ಹೊತ್ತಿಗೆ. ಕಿಸೆಯಲ್ಲಿ ಟಾರ್ಚು, ಅಳತೆ ಟೇಪು, ಕೊರಳಲ್ಲಿ ಹೊಸ ಸ್ಟೆತಾಸ್ಕೋಪು. ಮೊದಲ ಪಾಠ ಎಲ್ಲಿ ನಿಲ್ಲಬೇಕು ಎಂಬುದೇ: ರೋಗಿಯ ಬಲಬದಿಗೆ. ಬಲಗೈ ಹೊಟ್ಟೆಯ ಮೇಲೆ ಚಪ್ಪಟೆಯಾಗಿ, ಆರಾಮಾಗಿ ಕೂರುವುದು ಆ ಬದಿಯಿಂದ. ಉಳಿದ ಸೂಚನೆಗಳು ಒಂದೊಂದಾಗಿ ಬರುತ್ತವೆ. ಅಂಗೈ ತಣ್ಣಗಿದ್ದರೆ ಉಜ್ಜಿಕೊಂಡು ಬೆಚ್ಚಗೆ ಮಾಡಿಕೋ. ನೋವಿಲ್ಲದ ಕಡೆಯಿಂದ ಶುರುಮಾಡು, ನೋವಿನ ಜಾಗಕ್ಕೆ ಕಟ್ಟಕಡೆಗೆ ಬಾ. ಒತ್ತುವಾಗ ನಿನ್ನ ಕೈ ನೋಡಬೇಡ, ರೋಗಿಯ ಮುಖ ನೋಡು. ಈ ಕೊನೆಯದು ಹೇಳಲು ಸುಲಭ, ರೂಢಿಯಾಗಲು ತಿಂಗಳುಗಳೇ ಬೇಕು. ಹೊಸಬರ ಕಣ್ಣು ಮತ್ತೆ ಮತ್ತೆ ತಮ್ಮ ಬೆರಳಿಗೇ ಜಾರುತ್ತದೆ. ಅಷ್ಟರಲ್ಲಿ ರೋಗಿಯ ಹುಬ್ಬು ಗಂಟಿಕ್ಕಿ ಸಡಿಲವಾಗಿರುತ್ತದೆ, ಅವರು ನೋಡಿರುವುದಿಲ್ಲ.

ಹರ್ನಿಯಾ ನೋಡುವ ಬಗೆಯನ್ನೇ ತೆಗೆದುಕೊಳ್ಳಿ. ವಾರ್ಡಿನಲ್ಲಿ ಯಾವ ಕಾಲಕ್ಕೂ ಒಬ್ಬಿಬ್ಬರಾದರೂ ಹರ್ನಿಯಾದವರು ಇದ್ದೇ ಇರುತ್ತಾರೆ, ಹೆಚ್ಚಿನವರು ಚೀಲ ಹೊತ್ತು ಬದುಕಿದ ರೈತರು, ಹಮಾಲರು. ಪರದೆ ಎಳೆದು, ಯಜ್ಜನನ್ನು ನಿಲ್ಲಿಸಿ, ಧೋತರ ಸಡಿಲಿಸಿ ನೋಡುತ್ತಾರೆ. ನೋಡುವುದು, ಇನ್ನೂ ಮುಟ್ಟುವುದಿಲ್ಲ. ‘ಯಜ್ಜಾ, ಆ ಕಡೆ ಮುಖಾ ಮಾಡಿ ಕೆಮ್ಮ್ರಿ’ ಎಂದರೆ ತೊಡೆಸಂದಿಯಲ್ಲಿ ಲಿಂಬೆಹಣ್ಣಿನಷ್ಟು ಉಬ್ಬು ಎದ್ದು ನಿಲ್ಲುತ್ತದೆ. ಅದರ ಮೇಲೆ ಬೆರಳಿಟ್ಟು ಮತ್ತೊಮ್ಮೆ ಕೆಮ್ಮಿಸಿದರೆ ಒಳಗಿನಿಂದ ಬೆರಳಿಗೆ ತಟ್ಟುತ್ತದೆ. ಮಲಗಿಸಿದರೆ ಉಬ್ಬು ಗುಳುಗುಳು ಎಂದು ತಾನಾಗಿಯೇ ಒಳಸೇರುತ್ತದೆ. ಆ ಗುಳುಗುಳು ಎಂದರೆ ಒಳಗಿರುವುದು ಕರುಳು. ಈಗ ತೊಡೆಸಂದಿಯ ಗೆರೆಯ ನಡುವಿಗಿಂತ ಅರ್ಧ ಇಂಚು ಮೇಲೆ ಹೆಬ್ಬೆರಳು ಒತ್ತಿಹಿಡಿದು, ಯಜ್ಜನನ್ನು ಎಬ್ಬಿಸಿ, ಮತ್ತೆ ಕೆಮ್ಮಲು ಹೇಳಬೇಕು. ಉಬ್ಬು ಬರಲಿಲ್ಲವೆಂದರೆ ಕರುಳು ಹುಟ್ಟಿನಿಂದಲೇ ಇರುವ ಕಾಲುವೆಯ ಹಾದಿ ಹಿಡಿದಿದೆ. ಹೆಬ್ಬೆರಳಿದ್ದರೂ ಪಕ್ಕದಲ್ಲಿ ಎದ್ದು ಬಂದರೆ ಸ್ನಾಯುವಿನ ಗೋಡೆಯೇ ಸೋತಿದೆ. ಇಷ್ಟು ತಿಳಿಯಲು ಬೇಕಾದ ಸಲಕರಣೆ ಒಂದು ಹೆಬ್ಬೆರಳು. ಯಾವಾಗಲೂ ನೂರಕ್ಕೆ ನೂರು ಸರಿ ಬರುತ್ತದೆ ಎಂದಲ್ಲ. ಥಿಯೇಟರಿನಲ್ಲಿ ಕೊಯ್ದು ನೋಡಿದಾಗ ಊಹೆ ತಿರುಗುಮುರುಗಾಗುವುದೂ ಉಂಟು. ಆದರೆ ಕೈಯಿಂದ ಊಹಿಸಿ ಕಣ್ಣಿಂದ ತಾಳೆ ನೋಡಿದ ವಿದ್ಯಾರ್ಥಿಗೆ ಆ ಜಾಗದ ಅಂಗರಚನೆ ಮತ್ತೆಂದೂ ಮರೆಯುವುದಿಲ್ಲ.

ಹೈಡ್ರೋಸಿಲ್ ಆದರೆ ದೀಪ ಆರಿಸಿ, ಕಾಗದದ ಸುರುಳಿಯ ತುದಿಗೆ ಕಣ್ಣಿಟ್ಟು, ಎದುರುಬದಿಯಿಂದ ಟಾರ್ಚು ಹಿಡಿದರೆ ಒಳಗಿನ ತಿಳಿನೀರು ಕೆಂಪಗೆ ಬೆಳಗುತ್ತದೆ. ಕೊರಳಲ್ಲಿ ಗಂಟಿದ್ದವರಿಗೆ ಒಂದು ಲೋಟ ನೀರು ಕೊಡುತ್ತಾರೆ. ನುಂಗಿದಾಗ ಗಂಟು ಮೇಲೆದ್ದರೆ ಥೈರಾಯ್ಡಿನ ಕಡೆಯದು, ನಾಲಿಗೆ ಹೊರಚಾಚಿದಾಗಲೂ ಮೇಲೆದ್ದರೆ ಲೆಕ್ಕವೇ ಬೇರೆ. ಇವೆಲ್ಲ ಬಡವರ ಪರೀಕ್ಷೆಗಳು. ಯಂತ್ರ ಇಲ್ಲದ ಕಾಲದಲ್ಲಿ ಹುಟ್ಟಿ, ಯಂತ್ರ ಇಲ್ಲದ ಊರುಗಳಲ್ಲಿ ಇವತ್ತಿಗೂ ಕೆಲಸ ಮಾಡುತ್ತವೆ.

ಮುಟ್ಟುವ ಮೊದಲು ಕೇಳುವುದೊಂದಿದೆ. ಅಖಿಲ ಭಾರತ ಕೋಟಾದಲ್ಲಿ ದೂರದ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳು ಎಡವುವುದು ಇಲ್ಲಿ. ಬೆಂಗಳೂರಿನ ಕಡೆಯ ನಮ್ಮವರೂ ಎಡವುತ್ತಾರೆನ್ನಿ. ‘ಹಿಂಡಿದಂಗ ಆಗಿ ಬಿಡತೈತ್ರಿ, ಮತ್ತ ಹಿಂಡತೈತಿ’ ಎಂದು ಒಬ್ಬಾಕೆ ಹೇಳಿದರೆ ಅದು ಕರುಳೋ ಮೂತ್ರನಾಳವೋ ತಡೆದಾಗಿನ ನೋವು. ‘ಒಂದ ಸವನ ಐತ್ರಿ, ಅಳ್ಳಾಡಾಕ ಆಗವಲ್ದು’ ಎಂದರೆ ಒಳಗೆಲ್ಲೋ ಕೀವು ಅಥವಾ ರಂಧ್ರ. ಮೊದಲನೆಯವರು ಹಾಸಿಗೆಯಲ್ಲಿ ಹೊರಳಾಡುತ್ತಿರುತ್ತಾರೆ, ಎರಡನೆಯವರು ಕೊರಡಿನ ಹಾಗೆ ಬಿದ್ದುಕೊಂಡಿರುತ್ತಾರೆ. ವಾರ್ಡಿನ ಬಾಗಿಲಲ್ಲಿ ನಿಂತೇ ಇಷ್ಟನ್ನು ಓದಬಲ್ಲವರು ಅರ್ಧ ದಾರಿ ನಡೆದಂತೆ. ಈಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷವೇ ಸ್ಥಳೀಯ ಭಾಷೆ ಕಲಿಸುವ ಏರ್ಪಾಡಿದೆ. ಒಳ್ಳೆಯದೇ. ಆದರೆ ತರಗತಿಯ ಕನ್ನಡದಲ್ಲಿ ‘ನಿಮಗೆ ಎಲ್ಲಿ ನೋವು ಇದೆ’ ಎಂದು ಕಲಿತವರು, ‘ಎಲ್ಲಿ ಬ್ಯಾನಿ ಐತಬೇ ಯವ್ವಾ’ ಎಂದು ಕೇಳುವ ಆಯಾಳಿಂದಲೂ ನರ್ಸಕ್ಕನಿಂದಲೂ ಕಲಿಯುವುದು ಬಹಳಷ್ಟಿದೆ.

ಆರು ತಾಸಿನ ಲೆಕ್ಕ

ಝಾಕರಿ ಕೋಪ್ ಎಂಬ ಇಂಗ್ಲಿಷ್ ಸರ್ಜನ್ 1921ರಲ್ಲಿ, ಹೊಟ್ಟೆಯ ತುರ್ತು ರೋಗಗಳನ್ನು ಬೇಗ ಗುರುತಿಸುವುದರ ಬಗ್ಗೆ ಸಣ್ಣದೊಂದು ಪುಸ್ತಕ ಬರೆದರು. ನೂರು ವರ್ಷ ದಾಟಿದರೂ ಅದನ್ನು ಪರಿಷ್ಕರಿಸಿ ಓದುತ್ತಲೇ ಇದ್ದಾರೆ. ಅದರ ಒಂದು ಸೂತ್ರ ಪ್ರಪಂಚದ ಎಲ್ಲ ಮೆಡಿಕಲ್ ಕಾಲೇಜುಗಳಲ್ಲೂ ಬಾಯಿಂದ ಬಾಯಿಗೆ ಹರಿದಿದೆ: ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದವರಿಗೆ ಜೋರು ಹೊಟ್ಟೆನೋವು ಬಂದು ಆರು ತಾಸು ಕಳೆದರೂ ಇಳಿಯದಿದ್ದರೆ, ಅದು ಹೆಚ್ಚಾಗಿ ಸರ್ಜನ್ ಕೈಗೆ ಹೋಗಬೇಕಾದ ರೋಗ. ವಿದ್ಯಾರ್ಥಿಗಳಿಗೆ ನೆನಪುಳಿಯಲೆಂದು ಕೋಪ್ ಇದೇ ವಿಷಯವನ್ನು 1947ರಲ್ಲಿ ಪದ್ಯದಲ್ಲೂ ಬರೆದರು, ತಮ್ಮ ಹೆಸರು ಹಾಕದೆ ‘ಝೀಟಾ’ ಎಂಬ ಗುಪ್ತನಾಮದಲ್ಲಿ. ಕವಿಯೆಂದು ಕರೆಸಿಕೊಳ್ಳಲು ಸರ್ಜನ್ನರಿಗೂ ಅಂಜಿಕೆ ಇತ್ತೆಂದು ಕಾಣುತ್ತದೆ.

ಆರು ತಾಸು ನಮ್ಮ ಹಳ್ಳಿಯಲ್ಲಿ ಹೇಗೆ ಕಳೆಯುತ್ತದೆ? ಮೊದಲ ಒಂದು ತಾಸು ‘ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿಸುವುದರಲ್ಲಿ. ಇನ್ನೊಂದು, ಹೊಟ್ಟೆ ತಿಕ್ಕುವವರನ್ನು ಹುಡುಕುವುದರಲ್ಲಿ. ಯಾರೋ ಹಿರಿಯರು ಹರಳೆಣ್ಣೆ ಕುಡಿಸಿಬಿಡುತ್ತಾರೆ. ಅಪೆಂಡಿಕ್ಸ್ ಬಾತಿರುವಾಗ ಭೇದಿಗೆ ಕೊಟ್ಟರೆ ಅದು ಒಡೆಯುವ ಅಪಾಯ ಹೆಚ್ಚು ಎಂದು ಸರ್ಜರಿ ಪುಸ್ತಕಗಳು ಮೊದಲಿನಿಂದ ಹೇಳುತ್ತ ಬಂದಿವೆ. ಅಪೆಂಡಿಕ್ಸಿನ ನೋವಿಗೊಂದು ನಡಿಗೆ ಇದೆ: ಹೊಕ್ಕುಳ ಸುತ್ತ ಶುರುವಾಗುತ್ತದೆ, ಊಟ ಬೇಡವಾಗುತ್ತದೆ, ವಾಂತಿ ಬಂದಂತಾಗುತ್ತದೆ, ಕೆಲವು ತಾಸಿನಲ್ಲಿ ನೋವು ಬಲಗಡೆಯ ಕೆಳಹೊಟ್ಟೆಗೆ ಇಳಿದು ಅಲ್ಲೇ ಕೂರುತ್ತದೆ. ಅಮೆರಿಕದ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ ಆ ಬಿಂದುವಿನ ಮೇಲೆ ಒಂದು ಬೆರಳಿಟ್ಟರೆ ಸಾಕು, ರೋಗಿ ಕೈ ಹಿಡಿದುಬಿಡುತ್ತಾರೆ. ‘ಮದಲ ಎಲ್ಲಿ ಚಾಲೂ ಆತು?’ ಎಂಬ ಒಂದೇ ಪ್ರಶ್ನೆ ಕೇಳದವರಿಗೆ ಈ ನಡಿಗೆ ಕಾಣಿಸುವುದಿಲ್ಲ.

ವಾರ್ಡಿನಲ್ಲಿ ಮೇಷ್ಟರು ಗದರಿ ಗದರಿ ಹೇಳುವ ಇನ್ನೆರಡು ಪಾಠಗಳಿವೆ. ಹದಿಮೂರು ಹದಿನಾಲ್ಕರ ಹುಡುಗ ಬೆಳಗಿನ ಜಾವ ಹೊಟ್ಟೆನೋವೆಂದು ಬಂದರೆ ಚಡ್ಡಿ ಬಿಚ್ಚಿಸದೆ ಕಳಿಸಬೇಡ. ನಾಚಿಕೆಗೆ ಅವನು ಹೊಟ್ಟೆ ಎನ್ನುತ್ತಾನೆ, ತಿರುಚಿಕೊಂಡಿರುವುದು ಬೀಜ. ಆರೇಳು ತಾಸಿನೊಳಗೆ ಬಿಡಿಸಿದರೆ ಉಳಿಯುತ್ತದೆ, ತಡವಾದಷ್ಟೂ ಉಳಿಯುವ ಆಸೆ ಕಡಿಮೆ. ಎರಡನೆಯದು, ಮುದುಕಿಗೆ ವಾಂತಿ, ಹೊಟ್ಟೆ ಉಬ್ಬರ, ಕಡಿಗೆ ಹೋಗಿಲ್ಲ, ಗಾಳಿ ಸರಿದಿಲ್ಲ ಎಂದರೆ ಸೀರೆಯ ನಿರಿಗೆ ಸಡಿಲಿಸಿ ಎರಡೂ ತೊಡೆಸಂದಿ ನೋಡು. ಕರುಳು ಸಿಕ್ಕಿಹಾಕಿಕೊಂಡ ಗಂಟು ಅಡಕೆಯಷ್ಟೇ ಇರಬಹುದು, ಆಕೆಗೇ ಗೊತ್ತಿರಲಿಕ್ಕಿಲ್ಲ. ಗಂಡುಡಾಕ್ಟರಾದರೆ ನರ್ಸ್ ಪಕ್ಕದಲ್ಲಿರಬೇಕು, ಪರದೆ ಇರಬೇಕು, ‘ನೋಡ್ಲ್ಯಾ ಯವ್ವಾ’ ಎಂದು ಕೇಳಿರಬೇಕು. ಎರಡೂ ಪ್ರಸಂಗಗಳಲ್ಲಿ ರೋಗ ಕಣ್ಣಿಗೆ ಬೀಳದಂತೆ ಮಾಡುವುದು ಬುದ್ಧಿಯ ಕೊರತೆಯಲ್ಲ, ಸಂಕೋಚ. ಅದನ್ನು ದಾಟುವುದೂ ಕಲಿಯಬೇಕಾದ ಕಸುಬೇ.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು ಜಗತ್ತಿನ ಶಸ್ತ್ರಚಿಕಿತ್ಸೆಯ ಲೆಕ್ಕ ಹಾಕಿ, ಸುರಕ್ಷಿತವಾದ, ಕೈಗೆಟುಕುವ ಆಪರೇಷನ್ 500 ಕೋಟಿ ಜನರಿಗೆ ಸಿಗುತ್ತಿಲ್ಲ ಎಂದಿತು. ಪ್ರತಿಯೊಬ್ಬರಿಗೂ ಎರಡು ತಾಸಿನ ದಾರಿಯೊಳಗೆ ಮೂರು ಸೌಲಭ್ಯ ಇರಬೇಕೆಂದೂ ಹೇಳಿತು: ತುರ್ತಾಗಿ ಹೊಟ್ಟೆ ತೆರೆಯುವುದು, ಸಿಸೇರಿಯನ್, ಮೂಳೆ ಮುರಿದು ಹೊರಬಂದದ್ದನ್ನು ಸರಿಪಡಿಸುವುದು. ಈ ಅಳತೆಗೋಲಿನಲ್ಲಿ ಗರಗ ಪುಣ್ಯವಂತ ಊರು. ಧಾರವಾಡ ಹತ್ತಿರ, ಅಲ್ಲಿಂದ ಹುಬ್ಬಳ್ಳಿ 20 ಕಿಲೋಮೀಟರ್, 2008ರಿಂದ 108 ಆಂಬುಲೆನ್ಸ್ ಇದೆ. ಹಾಗಾದರೆ ಹೊತ್ತು ಎಲ್ಲಿ ಸೋರಿಹೋಗುತ್ತದೆ? ರಸ್ತೆಯಲ್ಲಲ್ಲ. ಮನೆಯ ಪಡಸಾಲೆಯಲ್ಲಿ, ಆಮೇಲೆ ಹೊಟ್ಟೆ ಮುಟ್ಟಿ ನೋಡದೆ ಆಸಿಡಿಟಿ ಇಂಜೆಕ್ಷನ್ ಕೊಟ್ಟು ಕಳಿಸುವ ಕುರ್ಚಿಯ ಮುಂದೆ. ಮೊದಲನೆಯದನ್ನು ತಿದ್ದಲು ಊರಿಗೆ ಊರೇ ಕಲಿಯಬೇಕು. ಎರಡನೆಯದನ್ನು ತಿದ್ದುವುದು ಮೆಡಿಕಲ್ ಕಾಲೇಜಿನ ಕೈಯಲ್ಲಿದೆ.

ಸೋರೆಕಾಯಿ, ತಾವರೆದಂಟು, ದಪ್ಪ ಬಟ್ಟೆ

ಕೈಗೆ ಕಸುಬು ಹತ್ತಿಸುವ ವಿಷಯದಲ್ಲಿ ನಮ್ಮಲ್ಲಿ ಹಳೆಯ ಬುದ್ಧಿವಂತಿಕೆಯೊಂದಿದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಇಡಿಯಾಗಿ ಅಭ್ಯಾಸಕ್ಕೆ ಮೀಸಲು. ಎಲ್ಲ ಶಾಸ್ತ್ರ ಓದಿದವನೂ ಕೈ ಪಳಗಿಸದಿದ್ದರೆ ಕೆಲಸಕ್ಕೆ ಬಾರದವನು ಎಂಬುದು ಅದರ ಧೋರಣೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಯ ಮೇಲೆ ಕಲಿಯಬೇಕು. ಸೀಳುವುದನ್ನು ನೀರು, ಕೆಸರು ತುಂಬಿದ ತೊಗಲಚೀಲದ ಮೇಲೆ. ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನರ, ತಾವರೆದಂಟಿನ ಮೇಲೆ. ಹೆರೆಯುವುದನ್ನು ಕೂದಲಿರುವ ತೊಗಲಿನ ಮೇಲೆ, ಶಲಾಕೆಯಿಂದ ತಡಕುವುದನ್ನು ಹುಳ ತಿಂದ ಮರದಲ್ಲಿ. ಹೊಲಿಗೆಯನ್ನು ತೆಳು ಬಟ್ಟೆ, ದಪ್ಪ ಬಟ್ಟೆ, ಮೆದು ತೊಗಲುಗಳ ಅಂಚಿನಲ್ಲಿ. ಬ್ಯಾಂಡೇಜು ಕಟ್ಟಲು ಆಳೆತ್ತರದ ಗೊಂಬೆಯನ್ನೂ ಮಾಡಿಸಿಕೊಳ್ಳಲು ಹೇಳುತ್ತದೆ ಗ್ರಂಥ. ಇವತ್ತು ಮೆಡಿಕಲ್ ಕಾಲೇಜುಗಳಲ್ಲಿ ಲಕ್ಷಗಟ್ಟಲೆ ಸುರಿದು ಕಟ್ಟುವ ಸ್ಕಿಲ್ ಲ್ಯಾಬಿನಲ್ಲಿ ಇರುವುದೂ ಇದೇ ಸಾಮಾನು, ರಬ್ಬರಿನದು.

2019ರ ಬ್ಯಾಚಿನಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮ ಸ್ಕಿಲ್ ಲ್ಯಾಬನ್ನು ಕಡ್ಡಾಯ ಮಾಡಿದೆ, ಯಾವ ಕೆಲಸ ಕಲಿತರು ಎಂಬುದನ್ನು ಲಾಗ್‌ಬುಕ್ಕಿನಲ್ಲಿ ಬರೆದು ಮೇಷ್ಟರ ಸಹಿ ಹಾಕಿಸಬೇಕು. ಆದರೂ ನಿಜವಾದ ಅಭ್ಯಾಸ ಹಾಸ್ಟೆಲಿನಲ್ಲೇ ನಡೆಯುವುದು. ಬಾಳೆಸಿಪ್ಪೆಗೆ ಹೊಲಿಗೆ ಹಾಕಿದರೆ ದಾರ ಎಷ್ಟು ಬಿಗಿದರೆ ಅಂಚು ಹರಿಯುತ್ತದೆ ಎಂದು ಗೊತ್ತಾಗುತ್ತದೆ. ಮಂಚದ ಸರಳಿಗೆ, ಕೋಟಿನ ಗುಂಡಿಗೆ ದಾರ ಸುತ್ತಿ ಒಂದೇ ಕೈಯಲ್ಲಿ ಗಂಟು ಬಿಗಿಯುವುದನ್ನು ಕಲಿಯುತ್ತಾರೆ, ಫೋನಿನಲ್ಲಿ ಮಾತಾಡುತ್ತಲೇ. ಎರಡು ಸುತ್ತು ಒಂದೇ ದಿಕ್ಕಿಗೆ ಬಿದ್ದರೆ ಗಂಟು ಜಾರುತ್ತದೆ, ಎದುರುಬದುರು ಬಿದ್ದರೆ ಕೂರುತ್ತದೆ. ಇಷ್ಟು ಸಣ್ಣ ವಿಷಯ, ಆದರೆ ಜಾರಿದ ಗಂಟು ರಕ್ತನಾಳದ ಮೇಲಿದ್ದರೆ ಸಣ್ಣದಲ್ಲ. ಸುಶ್ರುತನ ದಪ್ಪ ಬಟ್ಟೆಗೆ ನಮ್ಮ ಹುಡುಗರು ದೂರ ಹೋಗಬೇಕಾಗಿಯೂ ಇಲ್ಲ. ಗರಗದ ಕೈಮಗ್ಗದ ಖಾದಿ ಒತ್ತಾದ ನೇಯ್ಗೆಯದು, ಸೂಜಿಗೆ ತಕ್ಕಮಟ್ಟಿಗೆ ಎದುರು ನಿಲ್ಲುತ್ತದೆ. ಅದರ ತುಂಡಿನ ಮೇಲೆ ನೂರು ಹೊಲಿಗೆ ಹಾಕಿ ಬಂದ ವಿದ್ಯಾರ್ಥಿ, ರಾಶಿಯಂತ್ರಕ್ಕೋ ಎತ್ತಿನ ಕೋಡಿಗೋ ಸಿಕ್ಕು ಬಂದ ಕೈಯ ಮುಂದೆ ನಡುಗುವುದು ಕಡಿಮೆ.

ನೋಡಿ ಕಲಿಯುವ ಪರಂಪರೆ ನಮ್ಮಲ್ಲಿ ಓದುಬರಹ ಇಲ್ಲದವರ ಕೈಯಲ್ಲೂ ಉಳಿದಿತ್ತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಮೇಣದ ಅಚ್ಚು ಇಟ್ಟು ಅಳೆದು, ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕೂರಿಸಿದ. ನಿಂತು ನೋಡಿದ ಇಂಗ್ಲಿಷ್ ವೈದ್ಯರು ದಂಗಾದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝಿನ್’ ಚಿತ್ರಸಮೇತ ಇದನ್ನು ಅಚ್ಚುಹಾಕಿತು. ಅದನ್ನು ಓದಿದ ಇಂಗ್ಲಿಷ್ ಸರ್ಜನ್ ಜೋಸೆಫ್ ಕಾರ್ಪ್ಯೂ ವರ್ಷಗಟ್ಟಲೆ ಶವಗಳ ಮೇಲೆ ಅಭ್ಯಾಸ ಮಾಡಿ 1814ರಲ್ಲಿ ರೋಗಿಯ ಮೇಲೆ ಪ್ರಯೋಗಿಸಿ ಗೆದ್ದರು. ಪುಣೆಯ ಆ ಕುಶಲಿಯ ಹೆಸರನ್ನು ಮಾತ್ರ ಪತ್ರಿಕೆ ಬರೆಯಲಿಲ್ಲ.

ಕಾರ್ಪ್ಯೂಗೆ ಬೇಕಾದ ಶವ ಇಂದಿನ ವಿದ್ಯಾರ್ಥಿಗೂ ಬೇಕು. ಈ ಕಡೆಯ ಜನ ದೇಹದಾನದಲ್ಲಿ ಹಿಂದೆ ಬಿದ್ದಿಲ್ಲ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ತಮ್ಮ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆಂದು ಬರೆದಿಟ್ಟು 2008ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ, 2010ರ ನವೆಂಬರಿನಲ್ಲಿ, ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಆ ದೇಹವನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದವರು ಅವರ ಮಗ, ಅಂಗರಚನಾ ಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ. ಇದರ ಮುಂದೆ ವ್ಯಾಖ್ಯಾನ ಬೇಕಿಲ್ಲ. ಆ ಪಾಠ ಕೇಳಿದವರು ಮುಂದೆಂದೂ ಶವಕ್ಕೆ ಅಡ್ಡಹೆಸರಿಟ್ಟು ನಗಲಾರರು, ಅಷ್ಟು ಹೇಳಬಹುದು.

ಥಿಯೇಟರಿನ ಮೂಲೆಯಲ್ಲಿ

ಥಿಯೇಟರಿಗೂ ಕರೆದೊಯ್ಯುತ್ತಾರೆ. ಅಲ್ಲಿ ವಿದ್ಯಾರ್ಥಿಯ ಮೊದಲ ಕೆಲಸ ಏನನ್ನೂ ಮುಟ್ಟದಿರುವುದು. ತಿಕ್ಕಿ ತೊಳೆದ ಕೈಗಳನ್ನು ಎದೆಯ ಮುಂದೆ ಜೋಡಿಸಿಕೊಂಡು ನಿಲ್ಲಬೇಕು, ಮೂಗು ಕೆರೆದರೂ ಸುಮ್ಮನಿರಬೇಕು. ತಲೆ ತಿರುಗಿ ಬೀಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಕಾರಣ ರಕ್ತಕ್ಕಿಂತ ಹೆಚ್ಚಾಗಿ ಬಿಸಿ, ಮಾಸ್ಕು, ಖಾಲಿಹೊಟ್ಟೆ, ಒಂದೇ ಕಡೆ ನಿಂತ ಕಾಲು. ಅದಕ್ಕೇ ಹಿರಿಯ ಸಿಸ್ಟರುಗಳು ‘ನಾಷ್ಟಾ ಮಾಡ್ಕೊಂಡು ಬಾರವ್ವಾ, ಚಕ್ಕರ್ ಬಂದ್ರ ಅಲ್ಲೇ ಕುಂಡ್ರು, ಟೇಬಲ್ ಮ್ಯಾಲ ಬೀಳಬ್ಯಾಡ’ ಎನ್ನುತ್ತಾರೆ. ಥಿಯೇಟರಿನ ಅರ್ಧ ಪಾಠ ಈ ಸಿಸ್ಟರುಗಳದೇ. ಹೊಟ್ಟೆ ಮುಚ್ಚುವ ಮೊದಲು ಬಟ್ಟೆತುಂಡುಗಳ ಎಣಿಕೆ ತಾಳೆಯಾಗದಿದ್ದರೆ ಎಂಥ ದೊಡ್ಡ ಸರ್ಜನ್ ಆದರೂ ಕೈ ಕಟ್ಟಿ ನಿಲ್ಲಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಈ ಬಗೆಯ ಎಚ್ಚರಗಳನ್ನೆಲ್ಲ ಒಂದು ಪುಟದ ಪಟ್ಟಿಯಾಗಿ ಹೊರತಂದಿತು: ರೋಗಿ ಇವರೇನಾ, ಬದಿ ಇದೇನಾ, ಅಲರ್ಜಿ ಇದೆಯಾ, ಎಣಿಕೆ ಸರಿಯಾ. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದಾಗ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಹೊಸ ಔಷಧಿಯಲ್ಲ, ಹೊಸ ಯಂತ್ರವಲ್ಲ, ಗಟ್ಟಿಯಾಗಿ ಓದಿ ಹೌದೆನ್ನಿಸುವ ಒಂದು ಹಾಳೆ.

ಈ ವಿದ್ಯೆ ಕಲಿಸುವ ಪುಸ್ತಕಗಳ ಮಾತು ಬಂದರೆ ಹ್ಯಾಮಿಲ್ಟನ್ ಬೇಲಿಯನ್ನು ಬಿಡುವ ಹಾಗಿಲ್ಲ. ಆಪರೇಷನ್ನಿನಲ್ಲಿ ತಗುಲಿದ ಸೋಂಕಿಗೆ ಎಡಗೈಯ ತೋರುಬೆರಳು ಕಳೆದುಕೊಂಡ ಈ ಸರ್ಜನ್, ಕೈಯಿಂದ ಮುಟ್ಟಿ ರೋಗ ತಿಳಿಯುವ ಬಗೆಯನ್ನು ಫೋಟೋಗಳ ಮೂಲಕ ಕಲಿಸುವ ಪುಸ್ತಕವನ್ನು 1927ರಲ್ಲಿ ಬರೆದರು. ನಮ್ಮ ದೇಶದಲ್ಲಿ ಎಸ್. ದಾಸ್ ಅವರ ಕ್ಲಿನಿಕಲ್ ಸರ್ಜರಿ ಕೈಪಿಡಿ ಇಲ್ಲದ ಹಾಸ್ಟೆಲ್ ಕೋಣೆ ಅಪರೂಪ. ಮಂಗಳೂರಿನ ಕಸ್ತೂರಬಾ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ಡಾ. ಶ್ರೀರಾಮ ಭಟ್ ಅವರ ಪುಸ್ತಕಗಳನ್ನು ‘ಎಸ್‌ಆರ್‌ಬಿ’ ಎಂಬ ಮೂರಕ್ಷರದಲ್ಲಿ ದೇಶದ ಉದ್ದಗಲದ ವಿದ್ಯಾರ್ಥಿಗಳು ಬಲ್ಲರು. ಕರ್ನಾಟಕದ ವಾರ್ಡುಗಳಲ್ಲಿ ಕಂಡ ರೋಗಿಗಳೇ ಆ ಪುಟಗಳ ಬಂಡವಾಳ. ಬರೆದವರು ಕನ್ನಡ ನಾಡಿನವರು ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ವಾರ್ಡು ಖಾಲಿಯಾಗುತ್ತಿದೆ

ಇಷ್ಟೆಲ್ಲ ಇದ್ದೂ ಮಂಚದ ಪಕ್ಕದ ಪಾಠ ಸೊರಗುತ್ತಿದೆ. ರೋಗಿಗಳಿಗೆ ಕೊರತೆಯಿಲ್ಲ, ನಿಂತು ನೋಡುವವರಿಗೆ ಕೊರತೆ. ಕೊನೆಯ ವರ್ಷದ ಹೊತ್ತಿಗೇ ಪಿಜಿ ನೀಟ್ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಭೂತ ಹಿಡಿದಿರುತ್ತದೆ. ಇಂಟರ್ನ್‌ಶಿಪ್ ಎಂಬ ಒಂದು ವರ್ಷ ಇರುವುದು ಕೈ ಪಳಗಲೆಂದು. ಆ ವರ್ಷದಲ್ಲೇ ಹುಡುಗರು ನಾಲ್ಕು ಆಯ್ಕೆಯ ಪ್ರಶ್ನೆಗಳನ್ನು ಬಿಡಿಸುತ್ತ ಮೊಬೈಲಿನಲ್ಲಿ ಮುಳುಗಿರುತ್ತಾರೆ. ಅವರನ್ನು ಬೈದು ಫಲವಿಲ್ಲ. ಮುಂದಿನ ಬದುಕು ಆ ಅಂಕದ ಮೇಲೆ ನಿಂತಿರುವಾಗ, ಅಂಕ ತಾರದ ಹರ್ನಿಯಾ ಪರೀಕ್ಷೆಗೆ ಯಾರು ಹೊತ್ತು ಕೊಡುತ್ತಾರೆ? ಪಿಜಿ ನೀಟ್‌ನಲ್ಲಿ ರೋಗಿ ಇರುವುದಿಲ್ಲ, ಹೊಟ್ಟೆ ಇರುವುದಿಲ್ಲ, ಕೈಯ ಕೆಲಸವೂ ಇರುವುದಿಲ್ಲ. ಅಂಥ ಪರೀಕ್ಷೆಯಿಂದ ಸರ್ಜನ್ನರನ್ನು ಆರಿಸುವುದು ತಪ್ಪು ಎಂದೇ ನನ್ನ ಎಣಿಕೆ.

ಇನ್ನೊಂದು, ಸ್ಕ್ಯಾನ್ ಮೊದಲು ಬಂದು ಕೈ ಆಮೇಲೆ ಬರುವ ಚಾಳಿ. ಸ್ಕ್ಯಾನ್ ಬೇಡವೆನ್ನುವವನು ನಾನಲ್ಲ. ಅದು ಎಷ್ಟೋ ಜನರ ಹೊಟ್ಟೆಯನ್ನು ಸುಮ್ಮನೆ ಕೊಯ್ಯುವುದನ್ನು ತಪ್ಪಿಸಿದೆ. ಹಳೆಯ ಕಾಲದ ಕೆಲವು ಕಟ್ಟಳೆಗಳು ಸುಳ್ಳೆಂದೂ ತಿಳಿದಿದೆ. ಸರ್ಜನ್ ನೋಡುವವರೆಗೆ ನೋವಿನ ಔಷಧಿ ಕೊಡಬಾರದು, ಕೊಟ್ಟರೆ ಲಕ್ಷಣ ಮರೆಯಾಗುತ್ತದೆ ಎಂದು ತಲೆಮಾರುಗಳಿಗೆ ಕಲಿಸಿದ್ದರು. ಕೊಟ್ಟರೂ ರೋಗ ಗುರುತಿಸಲು ಅಡ್ಡಿಯಾಗದು ಎಂದು ಅಧ್ಯಯನಗಳು ತೋರಿಸಿದ ಮೇಲೆ ರೋಗಿಗಳಿಗೆ ನರಳುವುದು ತಪ್ಪಿತು. ಆದರೆ ಸ್ಕ್ಯಾನ್ ವರದಿ ಓದಿ ಆಮೇಲೆ ಹೊಟ್ಟೆ ಮುಟ್ಟುವ ವಿದ್ಯಾರ್ಥಿಗೆ ವರದಿಯಲ್ಲಿದ್ದದ್ದೇ ಬೆರಳಿಗೆ ಸಿಗುತ್ತದೆ. ಅವರು ಕಲಿಯುವುದೇನೂ ಇರುವುದಿಲ್ಲ. ಕರ್ನಾಟಕ ಸರ್ಕಾರ 2012ರಲ್ಲಿ ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನು ತಂದಿತು, ಮುಂದೆ ಅದನ್ನು ಸಡಿಲಿಸಿತು. ಬಿಗಿಯೋ ಸಡಿಲವೋ, ಹಳ್ಳಿಗೆ ಹೋದವರ ಕೈಗೆ ಕಸುಬು ಇಲ್ಲದಿದ್ದರೆ ಕಾನೂನಿನಿಂದ ಆಗುವುದು ಖಾಲಿ ಕುರ್ಚಿ ತುಂಬುವ ಕೆಲಸ ಅಷ್ಟೇ.

ವಾರ್ಡಿನ ಪಾಠದಲ್ಲಿ ರೋಗಿಯ ಕಡೆಯ ಮಾತೂ ಒಂದಿದೆ, ಅದನ್ನು ಹೇಳುವವರು ಕಡಿಮೆ. ಒಂದು ಮಂಚದ ಸುತ್ತ ಇಪ್ಪತ್ತು ಜನ ನಿಂತು, ಹೆಸರು ಕೇಳದೆ ಅಂಗಿ ಎತ್ತಿ, ಒಬ್ಬರಾದ ಮೇಲೆ ಒಬ್ಬರು ಅದೇ ನೋವಿನ ಜಾಗ ಒತ್ತಿ, ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಹೋದರೆ ಆ ಮನುಷ್ಯ ಏನೆಂದುಕೊಳ್ಳಬೇಕು? ಹೊಸ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನಗಳಿಗೆ ಪ್ರತ್ಯೇಕ ಪಾಠಗಳೇ ಇವೆ. ಹಳ್ಳಿಯ ಕೆಲವು ಕುಟುಂಬಗಳನ್ನು ಪ್ರತಿ ವಿದ್ಯಾರ್ಥಿಯೂ ‘ದತ್ತು’ ಪಡೆದು ಹೋಗಿಬರುವ ಕಾರ್ಯಕ್ರಮವೂ ಇದೆ. ಪಡಸಾಲೆಯಲ್ಲಿ ಚಹಾ ಕುಡಿದು ಬಂದ ಮನೆಯ ಅಜ್ಜನೇ ನಾಳೆ ವಾರ್ಡಿನಲ್ಲಿ ಮಲಗಿದ್ದರೆ ಅಂಗಿ ಎತ್ತುವ ಮೊದಲು ಕೇಳಬೇಕೆನಿಸುತ್ತದೆ. ಎಲ್ಲ ಕಡೆಯೂ ಇದು ಕಾಗದದಿಂದ ಮಂಚದವರೆಗೆ ಇಳಿದಿದೆ ಎನ್ನಲಾರೆ.

ಆದ್ದರಿಂದ ಓದುಗರಲ್ಲಿ ಒಂದು ಮಾತು. ನೀವೋ ನಿಮ್ಮ ಮನೆಯವರೋ ದೊಡ್ಡಾಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿದ್ದಾಗ ಬಿಳಿಕೋಟಿನ ಹುಡುಗಿಯೊಬ್ಬಳು ಬಂದು ‘ನೋಡಬಹುದಾ’ ಎಂದು ಕೇಳಿದರೆ, ಬೇಡವೆನ್ನುವ ಹಕ್ಕು ನಿಮಗಿದೆ. ಬೇಡವೆಂದರೆ ಚಿಕಿತ್ಸೆಯಲ್ಲಿ ಕೊರತೆ ಮಾಡುವಂತಿಲ್ಲ. ಕೇಳದೆ ಮುಟ್ಟಿದರೆ ಆಕೆಯ ಮೇಷ್ಟರಿಗೆ ಹೇಳಿ. ಹೆಸರು ಕೇಳಿ, ಪರದೆ ಎಳೆಯಲು ಹೇಳಿ, ಗುಂಪು ಹೆಚ್ಚಾದರೆ ಇಬ್ಬರು ಸಾಕು ಎನ್ನಿ. ಇಷ್ಟಾದ ಮೇಲೆ, ಮೈಯಲ್ಲಿ ತ್ರಾಣವಿದ್ದರೆ, ಒಪ್ಪಿಕೊಳ್ಳಿ. ನೋವು ಮೊದಲು ಎಲ್ಲಿ ಶುರುವಾಯಿತು, ಎಷ್ಟು ತಾಸಾಯಿತು, ಮನೆಯಲ್ಲಿ ಏನು ಕುಡಿಸಿದರು ಎಂಬುದನ್ನು ಮುಚ್ಚಿಡದೆ ಹೇಳಿ. ಕೆಮ್ಮಿ ಎಂದರೆ ನಾಚದೆ ಗಟ್ಟಿಯಾಗಿ ಕೆಮ್ಮಿ.